ಸ್ಕ್ರೂ ಲೂಸಾದ ದುರ್ಬೀನು

ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮ ಮನೆಗೆ ವಿಡಿಯೊ ಕಾಲ್ ಬಂತೆಂದರೆ ಅದು ಅಕ್ಕನ ಮಗನದೇ. ಅವನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಅಲ್ಲಿ ಆಗ ಶನಿವಾರ ರಾತ್ರಿ ಎಂಟೂವರೆ, ಇಲ್ಲಿ ಪುಣೆಯಲ್ಲಿ ನನ್ನ ಮೊದಲ ಕಾಫಿ. ಅಕ್ಟೋಬರಿನ ಒಂದು ಭಾನುವಾರ ಅವನು ಮಾತಿಗೆ ಮೊದಲೇ ಒಂದು ಕಾಗದ ಎತ್ತಿ ಹಿಡಿದ. ನಡುವೆ ಕಪ್ಪು ಚುಕ್ಕೆ, ಸುತ್ತ ಐದು ತೂತು. ನೂರು ಗಜದಿಂದ ಹೊಡೆದ ಐದು ಗುಂಡು ಒಂದು ಮೊಣಕೈಯಗಲ ಚೆಲ್ಲಿಹೋಗಿದ್ದವು.

"ಮಾವ, ನನ್ನ ಕೈಯೇ ಸರಿ ಇಲ್ಲ ಅನ್ಸುತ್ತೆ. ಈ ವರ್ಷ ಹೋಗೋದಿಲ್ಲ, ರೈಫಲ್ ಮಾರಿಬಿಡ್ತೀನಿ."

ಮುಂದಿನದನ್ನು ಓದುವ ಮೊದಲೇ ಮುಖ ಗಂಟಿಕ್ಕುವವರಿಗೆ ಒಂದು ಮಾತು. ನಮ್ಮಲ್ಲಿ ಶಿಕಾರಿ ಮುಗಿದ ಕತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಮಲೆನಾಡಿನ ಮನೆಗಳ ಕೋವಿಗಳಿಗೆ ಮಂಗ ಓಡಿಸುವ ಕೆಲಸ ಬಿಟ್ಟರೆ ಇನ್ನೊಂದಿಲ್ಲ. ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಇದ್ದು ಬರುವುದೊಂದೇ ಅವಕ್ಕೆ ಪ್ರಯಾಣ. ಅದು ಹಾಗೇ ಇರಲಿ ಎನ್ನುವವನು ನಾನು. ವಿಸ್ಕಾನ್ಸಿನ್‌ನ ಲೆಕ್ಕ ಬೇರೆ. ಅಲ್ಲಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂಚಿನ ಶನಿವಾರದಿಂದ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆ. ಲೈಸೆನ್ಸ್ ಬೇಕು, ಹೊಳೆಯುವ ಕಿತ್ತಳೆ ಇಲ್ಲವೇ ಗುಲಾಬಿ ಅಂಗಿ ಬೇಕು, 1973ರಿಂದೀಚೆಗೆ ಹುಟ್ಟಿದವರು ಬೇಟೆಯ ಸುರಕ್ಷತಾ ಕೋರ್ಸ್ ಮುಗಿಸಿರಬೇಕು, ಹೊಡೆದ ಜಿಂಕೆಯನ್ನು ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು. ನಮ್ಮ ಹುಡುಗ ಗ್ರೀನ್ ಕಾರ್ಡ್ ಸಿಕ್ಕಮೇಲೆ ಆಫೀಸಿನ ಗೆಳೆಯರ ಜೊತೆ ಕೋರ್ಸ್ ಮಾಡಿ, ಒಂದು .308 ಬೋಲ್ಟ್ ಆಕ್ಷನ್ ರೈಫಲ್ ತಗೊಂಡ. ಅವನಮ್ಮನಿಗೆ ಅರ್ಧ ವಿಷಯ ಮಾತ್ರ ಗೊತ್ತು.

ಅವಳಿಗೆ ಗೊತ್ತಿಲ್ಲದ ಅರ್ಧವೇ ಅವನನ್ನು ಕೊರೆಯುತ್ತಿದ್ದದ್ದು. ಹೋದ ವರ್ಷ ಎಂಬತ್ತು ಗಜದಲ್ಲಿ ನಿಂತಿದ್ದ ಬಿಳಿಬಾಲದ ಜಿಂಕೆಗೆ ಹೊಡೆದಿದ್ದ. ಭುಜದ ಹಿಂದೆ ಗುರಿ ಇಟ್ಟಿದ್ದ, ಗುಂಡು ಎಲ್ಲೋ ಹಿಂದಕ್ಕೆ ಹೊಟ್ಟೆಗೆ ತಗುಲಿತ್ತು. ಹಿಮದ ಮೇಲಿನ ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೂ ನಡೆದರು. ಜಾಡು ಜೌಗಿಗೆ ಇಳಿದು ಕಳೆದುಹೋಯಿತು. ಮರುದಿನವೂ ಸಿಗಲಿಲ್ಲ.

ನನಗೆ ಹತ್ತೋ ಹನ್ನೊಂದೋ ವರ್ಷ ಇದ್ದಾಗ, ಕಾಯ್ದೆ ಬರುವುದಕ್ಕೆ ಮೊದಲು, ನಮ್ಮಪ್ಪ ಜೋಡುನಳಿಗೆ ಕೋವಿಯಲ್ಲಿ ಒಂದು ಕಡವೆಗೆ ಹೀಗೇ ಗಾಯ ಮಾಡಿದ್ದರು. ಎರಡು ದಿನ ಅದರ ಹಿಂದೆ ಅಲೆದರು. ಅವ್ವ ಬುತ್ತಿ ಕಟ್ಟಿ ಆಳಿನ ಕೈಲಿ ಕಳಿಸಿದರೆ ಅದು ಬಿಚ್ಚದೆ ವಾಪಸ್ ಬಂತು. ಮೂರನೇ ದಿನ ಹದ್ದು ಸುತ್ತುವುದು ನೋಡಿಕೊಂಡು ಹೋದಾಗ ಹಳ್ಳದ ಬದಿ ಸಿಕ್ಕಿತಂತೆ. ಆಮೇಲೆ ಅಪ್ಪ ಕಡವೆಗೆ ಕೋವಿ ಎತ್ತಲೇ ಇಲ್ಲ. ಯಾರಾದರೂ ಕರೆದರೆ "ನನ್ನದು ಅದರ ಹತ್ರ ಒಂದು ಬಾಕಿ ಉಂಟು" ಅನ್ನುತ್ತಿದ್ದರು, ಅಷ್ಟೇ.

ಹಾಗಾಗಿ ಹುಡುಗನಿಗೆ "ಹೋಗಲಿ ಬಿಡು" ಎನ್ನುವುದು ನನಗೆ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಪ್ಪಿನಲ್ಲಿ ನನ್ನದೂ ಪಾಲಿತ್ತು. ದುರ್ಬೀನು ಕೂರಿಸುವಾಗ ಅವನು ನನ್ನನ್ನೇ ಕೇಳಿದ್ದ. ಮೂವತ್ತೆರಡು ವರ್ಷ ಪಿಂಪ್ರಿಯ ಟೂಲ್‌ರೂಮಿನಲ್ಲಿ ಬೆವರು ಸುರಿಸಿದ ನಾನು ಪೇಪರ್ ಓದುತ್ತ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಬಿಗಿ ಮಾಡು ಮಾರಾಯ, ಅಲುಗಾಡಬಾರದು."

"ರೈಫಲ್ ಖಾಲಿ ಇದೆಯಾ ಎರಡು ಸಲ ನೋಡು. ಬೋಲ್ಟ್ ಹೊರಗೆ ತೆಗಿ. ಈಗ ದುರ್ಬೀನು ಬಿಚ್ಚು" ಅಂದೆ.

ಮೇಲಿನ ರಿಂಗುಗಳು ಬಿಚ್ಚುತ್ತಲೇ ಅರ್ಧ ಉತ್ತರ ಸಿಕ್ಕಿತು. ದುರ್ಬೀನಿನ ಅಲ್ಯೂಮಿನಿಯಂ ಕೊಳವೆಯ ಮೇಲೆ ರಿಂಗಿನ ಅಂಚು ಒತ್ತಿ ಎರಡು ಕಡೆ ತಗ್ಗು. ಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಗುರಿ ತಿದ್ದಲು ಮೇಲಿನ ತಿರುಪು ತಿರುಗಿಸಿದಾಗ ಸರಿಯುವುದು ಅದು. ಹೊರಗಿನದನ್ನು ಹಿಚುಕಿದರೆ ಒಳಗಿನದು ಸಿಕ್ಕಿಕೊಳ್ಳುತ್ತದೆ, ಒಂದು ಗುಂಡಿಗೆ ಸರಿಯುತ್ತದೆ, ಇನ್ನೊಂದಕ್ಕೆ ಸರಿಯುವುದಿಲ್ಲ. ಇದು ನನ್ನ "ಚೆನ್ನಾಗಿ ಬಿಗಿ"ಯ ಫಲ.

ಉಳಿದರ್ಧ ಕೆಳಗಿತ್ತು. ರಿಂಗುಗಳು ಕೂರುವ ಬೇಸ್ ಎಂಬ ಎರಡು ಲೋಹದ ತುಂಡುಗಳನ್ನು ರೈಫಲಿನ ಮೈಗೆ ಪುಟ್ಟ ಸ್ಕ್ರೂಗಳು ಹಿಡಿದಿರುತ್ತವೆ. ಅದನ್ನು ಕೂರಿಸಿ ಕೊಟ್ಟವನು ಅಂಗಡಿಯ ಹುಡುಗ. "ಮುಂದಿನ ಬೇಸ್ ಉಗುರಲ್ಲಿ ತಳ್ಳಿ ನೋಡು" ಅಂದೆ. ತಳ್ಳಿದ. ಅಲುಗಿತು. ಫ್ಯಾಕ್ಟರಿಯ ಎಣ್ಣೆ ಒರೆಸದೆ ಸ್ಕ್ರೂ ಹಾಕಿದ್ದರು. ಅದು ಪ್ರತಿ ಗುಂಡಿನ ಒದೆತಕ್ಕೆ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತ ಬಂದಿದೆ. ಮೇಲೆ ಅತಿ ಬಿಗಿ, ಕೆಳಗೆ ಅತಿ ಸಡಿಲ. ಇವನು ವರ್ಷಪೂರ್ತಿ ತನ್ನ ಕೈಯನ್ನು ಬೈದುಕೊಂಡಿದ್ದಾನೆ.

ಫೋನಿನ ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಆಮೇಲೆ "ಹಾಗಾದರೆ ಆ ಜಿಂಕೆ..." ಅಂದ. "ಹ್ಞೂಂ" ಅಂದೆ. ಇನ್ನೇನು ಹೇಳುವುದು.

ಹಳೆಯ ದುರ್ಬೀನು ಎಸೆಯುವುದೇ ಸರಿ, ಹೇಗೂ ತಗ್ಗು ಬಿದ್ದಿದೆ. ಅದರ ಆಯ್ಕೆಯೇ ತಪ್ಪಾಗಿತ್ತು ಬೇರೆ. 6ರಿಂದ 24 ಪಟ್ಟು ದೊಡ್ಡದು ಮಾಡುವ, ಮುಂದೆ 50 ಮಿ.ಮೀ. ಗಾಜಿನ, 90 ಡಾಲರಿನ ಸಾಮಾನು. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಎಂದು ನಾವು ಫೋನಿನ ಮೆಗಾಪಿಕ್ಸೆಲ್ ಕೊಂಡ ಹಾಗೆ ಕೊಂಡಿದ್ದ. ಅವನು ಕೂರುವ ಕಾಡಿನಲ್ಲಿ ನೂರು ಗಜಕ್ಕಿಂತ ಆಚೆ ಕಾಣುವುದೇ ಅಪರೂಪ. ಅಲ್ಲಿ ಕನಿಷ್ಠವೇ 6 ಪಟ್ಟು ಎಂದರೆ ಜಿಂಕೆ ಪಕ್ಕದಲ್ಲಿದ್ದರೂ ಗಾಜಿನ ತುಂಬ ಬರೀ ಕಂದು ಕೂದಲು. ತಲೆ ಯಾವುದು, ಭುಜ ಯಾವುದು ಎಂದು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. ಅಂಥ ಕಾಡಿಗೆ 2ರಿಂದ 7, ಹೆಚ್ಚೆಂದರೆ 3ರಿಂದ 9 ಪಟ್ಟು ಸಾಕು. 3ರಲ್ಲಿಟ್ಟರೆ ನೂರು ಗಜದಲ್ಲಿ ಸುಮಾರು 30 ಅಡಿ ಅಗಲ ಕಾಣುತ್ತದೆ. 9ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ.

ಇನ್ನು ಬೆಳಕು. ಅಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಹೊಡೆಯಲು ಅನುಮತಿ ಉಂಟು, ಜಿಂಕೆ ಓಡಾಡುವುದೂ ಆ ಮಬ್ಬಿನಲ್ಲೇ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50 ಭಾಗಿಸು 24, ಎರಡು ಮಿ.ಮೀ. ಚಿಲ್ಲರೆ. ಕತ್ತಲಲ್ಲಿ ಪ್ರಾಯದವರ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ, ನನ್ನಂಥವರದು 5ರ ಆಸುಪಾಸು. ಎರಡು ಮಿ.ಮೀ. ಬೆಳಕಿನಲ್ಲಿ ಅದಕ್ಕೆ ಏನೂ ಸಾಲದು. ಅದೇ 40ರ ಗಾಜನ್ನು 6 ಪಟ್ಟಿನಲ್ಲಿಟ್ಟರೆ ಆರೂವರೆ ಮಿ.ಮೀ. ದಾಟುತ್ತದೆ. ನಮ್ಮಲ್ಲಿ ಭಾನುವಾರ ಹಕ್ಕಿ ನೋಡಲು ಹೋಗುವವರು 8x40 ಬೈನಾಕ್ಯುಲರನ್ನು ಆಕಾಶದ ಕಡೆ ಹಿಡಿದು, ಕೈಯಳತೆ ದೂರದಿಂದ ಹಿಂಗಾಜು ನೋಡಿ. ಅಲ್ಲಿ ಕಾಣುವ ಬೆಳ್ಳನೆಯ ವೃತ್ತ ಇದೇ, 5 ಮಿ.ಮೀ.

ಹಾಗಾಗಿ 3-9x40, ಒಂದಿಂಚು ಕೊಳವೆಯದು ಎಂದು ತೀರ್ಮಾನವಾಯಿತು. 30 ಮಿ.ಮೀ. ಕೊಳವೆಯದು ಬೇಕೇ ಎಂದು ಕೇಳಿದ. ದಪ್ಪ ಕೊಳವೆಯಿಂದ ಗುರಿ ತಿದ್ದಲು ಹೆಚ್ಚು ಜಾಗ ಸಿಗುತ್ತದೆಯೇ ಹೊರತು ಬೆಳಕು ಹೆಚ್ಚಾಗುವುದಿಲ್ಲ. ನೂರು ಗಜಕ್ಕೆ ಬೇಡ. ಉಳಿದ ದುಡ್ಡನ್ನು ಒಳ್ಳೆಯ ಗಾಜಿಗೆ, ಒಳ್ಳೆಯ ರಿಂಗಿಗೆ ಹಾಕು ಅಂದೆ.

ರಿಂಗಿನ ವಿಷಯದಲ್ಲಿ ಜನ ಜಿಪುಣರು. ಮುನ್ನೂರು ಡಾಲರಿನ ದುರ್ಬೀನನ್ನು ಹತ್ತು ಡಾಲರಿನ ರಿಂಗಿನ ಮೇಲೆ ಕೂರಿಸುತ್ತಾರೆ. ನನಗೆ ಕೇಳಿದರೆ ದುರ್ಬೀನಿನಲ್ಲಿ ಸ್ವಲ್ಪ ರಾಜಿ ಮಾಡಿಕೊಂಡರೂ ರಿಂಗಿನಲ್ಲಿ ಬೇಡ. ರಿಂಗಿನ ಒಳವ್ಯಾಸ ಕೊಳವೆಯದಕ್ಕೆ ಸರಿಯಾಗಿ ಹೊಂದಬೇಕು. ಒಂದಿಂಚು ಎಂದರೆ 25.4 ಮಿ.ಮೀ., ಅದನ್ನು 30ರ ರಿಂಗಿನಲ್ಲಿ ಪೇಪರ್ ಸುತ್ತಿ ಕೂರಿಸುವ ಬುದ್ಧಿವಂತರೂ ಇದ್ದಾರೆ. ಬೇಸಿನಲ್ಲಿ ವೀವರ್, ಪಿಕಾಟಿನಿ ಎಂಬ ಎರಡು ಬಗೆ. ನೋಡಲು ಅಣ್ಣತಮ್ಮ, ಆದರೆ ಅಡ್ಡಗಾಡಿಯ ಅಗಲ ಬೇರೆ. ವೀವರಿನದು 0.180 ಇಂಚು, ಪಿಕಾಟಿನಿಯದು 0.206. ವೀವರ್ ರಿಂಗ್ ಸಾಮಾನ್ಯವಾಗಿ ಪಿಕಾಟಿನಿ ಬೇಸಿನಲ್ಲಿ ಕೂರುತ್ತದೆ, ಪಿಕಾಟಿನಿಯ ದಪ್ಪ ಅಡ್ಡಬೋಲ್ಟ್ ವೀವರಿನಲ್ಲಿ ಕೂರುವುದಿಲ್ಲ. ಎರಡೂ ಒಂದೇ ಬಗೆ ತಗೋ, ತಲೆನೋವು ಬೇಡ ಅಂದೆ.

ಎತ್ತರ ಮುಖ್ಯ. ಮುಂದಿನ ಗಾಜಿನ ಬುರುಡೆ ನಳಿಗೆಗೆ ತಾಗಬಾರದು, ಬೋಲ್ಟಿನ ಹಿಡಿ ಎತ್ತಿದಾಗ ಹಿಂಗಾಜಿಗೆ ಬಡಿಯಬಾರದು. ಇವೆರಡು ತಪ್ಪಿದರೆ ಸಾಕು, ಅದಕ್ಕಿಂತ ಎತ್ತರ ಬೇಡ. ಹಳೆಯ 50 ಮಿ.ಮೀ. ಬುರುಡೆಗಾಗಿ ಇವನು ಎತ್ತರದ ರಿಂಗ್ ಹಾಕಿದ್ದ. ಕೆನ್ನೆ ಮರದ ಹಿಡಿಗೆ ತಾಗದೆ ಕೋಳಿಯ ಹಾಗೆ ಕತ್ತು ಎತ್ತಿ ಹೊಡೆಯುತ್ತಿದ್ದ. ಕೆನ್ನೆ ಊರಿಲ್ಲದೆ ಗುರಿ ನಿಲ್ಲುವುದುಂಟೇ?

ಎರಡು ವಾರದ ನಂತರ ಸಾಮಾನು ಬಂತು. ಈ ಸಲ ನಾನು ಪೇಪರ್ ಮಡಚಿಟ್ಟು, ಕನ್ನಡಕ ಹಾಕಿಕೊಂಡು ಕೂತೆ. ಸ್ಕ್ರೂ, ತೂತು ಎರಡರ ಎಣ್ಣೆಯನ್ನೂ ಸ್ಪಿರಿಟ್ ಹಚ್ಚಿ ಒರೆಸಿಸಿದೆ. ಬೇಸಿನ ಸ್ಕ್ರೂಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದೊಂದು ಹನಿ. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ. ಮುಂದಿನ ಸ್ಕ್ರೂ ಉದ್ದವಾಗಿ ಬೋಲ್ಟಿಗೆ ತಾಗುತ್ತದೆಯೇ ಎಂದು ಬೋಲ್ಟ್ ಹಾಕಿ ಆಡಿಸಿ ನೋಡಿದ. ಅಡ್ಡಬೋಲ್ಟನ್ನು ಗಾಡಿಯ ಮುಂದಿನ ಅಂಚಿಗೆ ಒತ್ತಿ ಹಿಡಿದೇ ಬಿಗಿ ಮಾಡಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ದುರ್ಬೀನು ಇದ್ದಲ್ಲೇ ಇರಲು ನೋಡುತ್ತದೆ. ನಡುವೆ ಸಂದು ಬಿಟ್ಟಿದ್ದರೆ ಅಷ್ಟು ಮುಂದಕ್ಕೆ ಜಾರಿಯೇ ಜಾರುತ್ತದೆ.

"ಈಗ ಹೋಗಿ ಚಳಿಯ ಜಾಕೆಟ್ ಹಾಕ್ಕೊಂಡು ಬಾ."

"ಮನೆ ಒಳಗೆ ಹೀಟರ್ ಇದೆ ಮಾವ."

"ಹಾಕ್ಕೊಂಡು ಬಾ ಅಂದೆ."

ಹೋದ ಬೇಸಿಗೆಯಲ್ಲಿ ಬನಿಯನ್ನಿನಲ್ಲಿ ನಿಂತು ದೂರ ಹೊಂದಿಸಿದ್ದ. ನವೆಂಬರಿನಲ್ಲಿ ದಪ್ಪ ಜಾಕೆಟ್ ಹಾಕಿದರೆ ರೈಫಲ್ ಅಷ್ಟು ಮುಂದೆ ಹೋಗುತ್ತದೆ, ಕಣ್ಣಿಗೂ ಗಾಜಿಗೂ ಇರಬೇಕಾದ ಮೂರೂವರೆ ಇಂಚಿನ ಅಂತರ ತಪ್ಪಿ ಅಂಚಿನಲ್ಲಿ ಕಪ್ಪು ನೆರಳು. ತೀರ ಹತ್ತಿರವಾದರೆ ಹುಬ್ಬು ಹರಿಯುತ್ತದೆ, ಅದಕ್ಕೆ ಅಲ್ಲಿನವರದ್ದೇ ತಮಾಷೆಗಳಿವೆ. ಪಟ್ಟು 9ಕ್ಕಿಟ್ಟು, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ಬಿಟ್ಟ ಕೂಡಲೇ ಪೂರ್ತಿ ವೃತ್ತ ಕಾಣುವವರೆಗೆ ಹಿಂದೆಮುಂದೆ ಸರಿಸಿದ. ಒಳಗಿನ ಅಡ್ಡಗೆರೆ ನೇರವಾಗಿದೆಯೇ ನೋಡಲು ಗ್ಯಾರೇಜಿನ ಆ ತುದಿಗೆ ದಾರದಲ್ಲಿ ಬೀಗ ಕಟ್ಟಿ ತೂಗುಬಿಟ್ಟ, ಗಾರೆಯವರ ತೂಗುಗುಂಡಿನ ಲೆಕ್ಕ.

ಕೊನೆಗೆ ಟಾರ್ಕ್ ರೆಂಚ್. ರಿಂಗಿನ ಡಬ್ಬಿಯ ಮೇಲೆ 15ರಿಂದ 18 ಇಂಚ್-ಪೌಂಡ್ ಎಂದಿತ್ತು. ನಮ್ಮ ಲೆಕ್ಕದಲ್ಲಿ 2 ನ್ಯೂಟನ್ ಮೀಟರಿನ ಆಸುಪಾಸು. ಬೆರಳಿನ ಕೆಲಸ, ತೋಳಿನದಲ್ಲ. ಫುಟ್-ಪೌಂಡ್ ರೆಂಚ್ ಎತ್ತಿಕೊಂಡಿದ್ದ, ಕಿರುಚಿದೆ. ಅದು ಹನ್ನೆರಡು ಪಟ್ಟು. ಕಾರಿನ ಚಕ್ರದ ನಟ್ ಹಾಕುವ ಹಾಗೆ ಎದುರುಬದುರು, ಕಾಲುಕಾಲು ಸುತ್ತು, ಎರಡೂ ಬದಿಯ ಸಂದು ಸಮ ಇರುವ ಹಾಗೆ.

ರೇಂಜಿನಲ್ಲಿ ಮೊದಲು 25 ಗಜಕ್ಕೇ ಹೊಡೆಸಿದೆ. ನೇರ ನೂರಕ್ಕೆ ಹೋದರೆ ಕಾಗದಕ್ಕೇ ತಗುಲದೆ ಗುಂಡಿನ ಡಬ್ಬಿ ಖಾಲಿ. ತಿರುಪಿನ ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲಿಂಚು, ಅಂದರೆ 25 ಗಜದಲ್ಲಿ ಒಂದಿಂಚು ಸರಿಸಲು ಹದಿನಾರು ಕ್ಲಿಕ್ ಬೇಕು. ದುರ್ಬೀನು ನಳಿಗೆಗಿಂತ ಒಂದೂವರೆ ಇಂಚು ಮೇಲಿರುವುದರಿಂದ ಅಲ್ಲಿ ಗುಂಡು ಅರ್ಧ ಮುಕ್ಕಾಲು ಇಂಚು ಕೆಳಗೆ ಬಿದ್ದರೆ ಸರಿಯೇ. ಆಮೇಲೆ ನೂರು ಗಜ. ಸಂಜೆ ಫೋಟೊ ಕಳಿಸಿದ. ಮೂರು ತೂತು, ಮೂರನ್ನೂ ಒಂದು ಬೆಂಕಿಪೊಟ್ಟಣ ಮುಚ್ಚುತ್ತಿತ್ತು. ಕೆಳಗೆ ಒಂದೇ ಸಾಲು: "ಕೈ ಸರಿ ಇತ್ತು ಮಾವ."

ಸೀಸನ್ ಶುರುವಾದ ಶನಿವಾರ ನನಗೆ ಇಲ್ಲಿ ಸಂಜೆ. ವಾಕಿಂಗ್ ಹೋದರೂ ಕೈ ಫೋನಿನ ಮೇಲೇ. ಒಂಬತ್ತೂವರೆಗೆ ಮೆಸೇಜ್ ಬಂತು. ಎರಡು ಜಿಂಕೆ ಬಂದಿದ್ದವಂತೆ, ಒಂದು ಅರವತ್ತು ಗಜದಲ್ಲಿ ಪಕ್ಕ ತಿರುಗಿ ನಿಂತಿತ್ತಂತೆ. ರೈಫಲ್ ಎತ್ತಿದರೆ ಗಾಜೆಲ್ಲ ಬೆಳ್ಳಗೆ, ಆಕಾರ ಮಾತ್ರ ಕಾಣುತ್ತಿತ್ತು. ಹೊಡೆಯಲಿಲ್ಲ. "ದುರ್ಬೀನು ಒಳಗೆ ಹಬೆ ಹೋಗಿದೆಯಾ ಮಾವ, ಮತ್ತೆ ಬಿಚ್ಚಬೇಕಾ?"

ಒಳಗಲ್ಲ, ಅದರೊಳಗೆ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ ಎಂದು ಬರೆದೆ. ರಾತ್ರಿ ರೈಫಲನ್ನು ಎಲ್ಲಿಟ್ಟಿದ್ದೆ ಎಂದು ಕೇಳಿದೆ. ಬೀಗ ಹಾಕಿ ಬೆಚ್ಚಗಿನ ಮನೆಯೊಳಗೆ ಅಂದ. ಹೊರಗಿಂದ ತಂದ ತಣ್ಣನೆಯ ಗಾಜಿಗೆ ಒಳಗೆ ನೀರು ಕೂತಿದೆ, ಬೆಳಗ್ಗೆ ಹೊರಗೊಯ್ದಾಗ ಅದೇ ಹೆಪ್ಪುಗಟ್ಟಿದೆ. ಇವತ್ತು ಗ್ಯಾರೇಜಿನ ಬೀರುವಿನಲ್ಲಿ ಬೀಗ ಹಾಕಿಡು, ಗಾಜಿನ ಹತ್ತಿರ ಉಸಿರು ಬಿಡಬೇಡ ಎಂದೆ. "ಸರಿ, ಇನ್ನೂ ಎಂಟು ದಿನ ಇದೆ" ಎಂದು ಉತ್ತರಿಸಿದ.