ಸೋರುವ ಮನೆಗೆ ದುರಸ್ತಿಯ ಹಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮನೆಯ ಮಾಡು ಮನೆಮಂದಿಯನ್ನಷ್ಟೇ ಕಾಯುವುದಿಲ್ಲ. ಅದರ ಕೆಳಗಿನ ಅಟ್ಟದ ಮೇಲೆ ಒಂದು ವರ್ಷದ ದುಡಿಮೆಯೇ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಲ್ಲಿ ಕುಲುಕಾಡತೊಡಗಿದ ಮೇಲೆಯೇ ಮಾರುಕಟ್ಟೆಯ ಮಾತು. ಒಡೆದ ಹೆಂಚಿನಿಂದ ಇಳಿದ ನೀರು ಆ ರಾಶಿಯನ್ನು ಸೇರಿದರೆ ಕೊಬ್ಬರಿ ಬೂಷ್ಟು ಹಿಡಿದು ಕೊಳೆಯುತ್ತದೆ. ದುರಸ್ತಿಯ ಖರ್ಚು ತಲೆಯ ಮೇಲೆ ಬರುವ ಹೊತ್ತಿಗೇ ಆ ಖರ್ಚಿಗೆ ಒದಗಬೇಕಾಗಿದ್ದ ಆದಾಯವೂ ಕೆಡುತ್ತದೆ.

ಮಳೆಯಿಂದ ಮನೆ ಕೆಟ್ಟರೆ ಸರ್ಕಾರ ಕೊಡುತ್ತದೆ ಎಂಬ ಮಾತನ್ನು ನಮ್ಮ ಅನೇಕ ಕುಟುಂಬಗಳಲ್ಲಿ ಕೇಳುತ್ತೇವೆ. 2019ರ ಪ್ರವಾಹದ ತರುವಾಯ ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರವು 5 ಲಕ್ಷ ರೂಪಾಯಿ ಘೋಷಿಸಿದ್ದು ಜನರ ನೆನಪಿನಲ್ಲಿ ಉಳಿದಿರಬೇಕು. ಆದರೆ 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರವು ನಿಗದಿಪಡಿಸಿದ ವಿಪತ್ತು ಪರಿಹಾರದ ದರವೇ ಬೇರೆ. ಬಯಲು ಪ್ರದೇಶದಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇ. 15ರಷ್ಟಾದರೂ ಇದ್ದರೆ. ನಾಲ್ಕು ಸಾವಿರವು ಮೇಸ್ತ್ರಿ ಮತ್ತು ಆಳುಗಳ ಎರಡು ಮೂರು ದಿನಗಳ ಕೂಲಿಗೇ ಮುಗಿಯುತ್ತದೆ. ವರ್ಷಗಟ್ಟಲೆ ತೊಟ್ಟಿಕ್ಕುತ್ತಿರುವ ಮಾಡು, ತೇವವೇರಿ ಉದುರುವ ಗಾರೆ ಇವು ಯಾವ ಪಟ್ಟಿಗೂ ಸೇರುವುದಿಲ್ಲ.

ಸಿಗಬೇಕಾದ ಅಲ್ಪ ಹಣವೂ ಕಾಗದಪತ್ರಗಳ ದೆಸೆಯಿಂದ ಕೈತಪ್ಪುವುದುಂಟು. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ. ಗೋಡೆ ನಿಂತಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಬಿದ್ದಾಗ ಮಹಜರಿಗೆ ಮುನ್ನ ಮಣ್ಣುಕಲ್ಲುಗಳನ್ನು ತೆಗೆಯದೆ ಫೋಟೋ ತೆಗೆದಿಡಬೇಕು.

ವಿಮೆಯ ಮಾತೂ ಅಷ್ಟೇ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯು ಬಿರುಗಾಳಿ, ನೆರೆ, ಒಡೆದ ನೀರಿನ ಟ್ಯಾಂಕು, ಕೊಳವೆಗಳ ಹಾನಿಯನ್ನು ಭರಿಸುತ್ತದೆ. ಗಟ್ಟಿಮುಟ್ಟಾದ ಮನೆಯುಳ್ಳವರು ಇದನ್ನು ಅಲಕ್ಷಿಸಬಾರದು. ಆದರೆ ಹಳತಾಗಿ ಸವೆದು ಸೋರುವ ಮಾಡಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ.

ಉಳಿದದ್ದು ಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 50,000 ತಂದರೆ ವರ್ಷಕ್ಕೆ ಬಡ್ಡಿಯೇ 18,000. ಅಸಲು ಹಾಗೆಯೇ ಉಳಿಯುತ್ತದೆ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅನಿವಾರ್ಯವಾದರೆ ಸಹಕಾರ ಸಂಘ, ಮಹಿಳೆಯರ ಸ್ವಸಹಾಯ ಗುಂಪು ಇವುಗಳ ಬಾಗಿಲನ್ನು ಮೊದಲು ತಟ್ಟುವುದು ಲೇಸು.

ನಮ್ಮ ಅಭಿಪ್ರಾಯದಲ್ಲಿ ಮಾಡಿನ ಹಣವನ್ನು ಕೊಬ್ಬರಿ ಮಾರಿದ ದಿನವೇ ತೆಗೆದಿಡಬೇಕು. 2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿದಾಗ ಯಾರಿಗೂ ಈ ಮಾತನ್ನು ಹೇಳುವಂತಿರಲಿಲ್ಲ. 2025ರಲ್ಲಿ ಅದೇ ಧಾರಣೆ 20,000ವನ್ನು ದಾಟಿತು. ಆ ಹಣ ಎಲ್ಲಿಗೆ ಹೋಯಿತೆಂದು ಪ್ರತಿ ಮನೆಯೂ ಕೇಳಿಕೊಳ್ಳಲಿ. ಮದುವೆಯ ಚಪ್ಪರ, ಜ್ಞಾನಸ್ನಾನದ ಔತಣ, ಪ್ರಥಮ ಪರಮಪ್ರಸಾದದ ಹೊಸ ಬಟ್ಟೆ ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಸೋರುವ ಮಾಡಿನ ಕೆಳಗೆ ಸಾಲದ ಔತಣ ನಡೆಸುವುದನ್ನು ಮಾತ್ರ ಒಪ್ಪಲಾರೆವು.

ಈಸ್ಟರ್ ಹಬ್ಬ ಕಳೆದು ಮಳೆ ಹಿಡಿಯುವ ಮುನ್ನ ಮಾಡು ಹತ್ತಿ ನೋಡಬೇಕು. ಮನೆಯ ಮೇಲೆ ಬಾಗಿದ ತೆಂಗಿನ ಮರವಿದ್ದರೆ ಬೀಳುವ ಒಂದೊಂದು ಕಾಯಿ, ಒಂದೊಂದು ಗರಿಯೂ ಹೆಂಚಿಗೆ ಗಂಡಾಂತರವೇ. ಒಡೆದ ಹತ್ತು ಹೆಂಚು ಬದಲಿಸುವ ಖರ್ಚು, ಕೊಳೆತ ತೊಲೆ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ತೋಟವೂ ಇಲ್ಲದ, ಅಟ್ಟವೂ ಇಲ್ಲದ ಕೂಲಿಯ ಕುಟುಂಬಗಳೂ, ಒಂಟಿ ವೃದ್ಧೆಯರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಉಳಿಸುವ ಉಪದೇಶ ಮಾಡುವುದು ಕ್ರೂರ. ಮಳೆಗಾಲದಲ್ಲಿ ಗೋಡೆ ಕುಸಿದ ಮೇಲೆ ಅಕ್ಕಿ, ಕಂಬಳಿ ಹಂಚಲು ನಮ್ಮ ಧರ್ಮಕೇಂದ್ರಗಳು ಹಿಂಜರಿಯುವುದಿಲ್ಲ. ಆ ಹಣದ ಒಂದು ಭಾಗವನ್ನು ಮೇ ತಿಂಗಳಿನಲ್ಲಿಯೇ ಹೆಂಚಿಗೂ ಮೇಸ್ತ್ರಿಯ ಕೂಲಿಗೂ ಕೊಡಲಿ. ಯಾವ ಮನೆ ಸೋರುತ್ತದೆಂಬುದು ನೆರೆಹೊರೆಯವರಿಗೆ ತಿಳಿದೇ ಇರುತ್ತದೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಆ ಹೆಸರುಗಳನ್ನು ಗುರುಗಳ ಕಿವಿಗೆ ಹಾಕಲು ಸಂಕೋಚವೇಕೆ?