ನುಡಿಮುತ್ತಿಗಿಂತ ಖಾಲಿ ಮನೆ ವಾಸಿ

ಸಾಹಿತ್ಯದ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ‘ಅವರೇನು ಓದುಗರಲ್ಲ ಬಿಡಿ, ಪೇಪರಿನ ಪದಬಂಧ ತುಂಬೋರು.’ ಹೇಳುವವರು ಸಜ್ಜನರೇ, ನಾಲ್ಕು ಪುಸ್ತಕ ಓದಿದವರೇ. ಆದರೆ ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಸಜ್ಜನರಿಂದ ವಾಟ್ಸ್‌ಆಪ್‌ಗೆ ಒಂದು ಸೂರ್ಯೋದಯ, ಒಂದು ಗುಲಾಬಿ, ಅದರ ಕೆಳಗೆ ‘ಇಂದಿನ ನುಡಿಮುತ್ತು’ ಬಂದು ಬೀಳುತ್ತದೆ. ಪದಬಂಧ ತುಂಬುವುದು ಕಾಲಹರಣ, ನುಡಿಮುತ್ತು ಹಂಚುವುದು ಸಂಸ್ಕಾರ ಎಂಬ ಈ ತೀರ್ಮಾನ ಯಾವಾಗ ಆಯಿತೋ, ಯಾರು ಮಾಡಿದರೋ. ನನಗಂತೂ ಇದು ಪೂರ್ತಿ ತಲೆಕೆಳಗಾಗಿ ಕಾಣುತ್ತದೆ. ದಿನಪತ್ರಿಕೆಯ ಮೂಲೆಯಲ್ಲಿ ಇವತ್ತು ಉಳಿದಿರುವ ನಿಜವಾದ ಓದು ಪದಬಂಧದ್ದು. ನಾವು ಹಂಚುತ್ತಿರುವ ರೀತಿಯ ನುಡಿಮುತ್ತು ಓದನ್ನು ತಪ್ಪಿಸಿಕೊಳ್ಳುವ ಸುಲಭದ ದಾರಿ.

ನನಗೆ ನುಡಿಮುತ್ತಿನ ಮೇಲೆ ಹುಟ್ಟುದ್ವೇಷವೇನೂ ಇಲ್ಲ. ಶಾಲೆಯ ಕರಿಹಲಗೆಯ ಮೇಲ್ತುದಿಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಬರೆಯುತ್ತಿದ್ದ ಸುಭಾಷಿತವನ್ನು ಓದುವ ಖುಷಿ ಈಗಲೂ ಇದೆ. ಪೇಪರು ಬಂದ ಕೂಡಲೇ ಮೊದಲು ಆ ಪುಟ್ಟ ಚೌಕವನ್ನು ಹುಡುಕುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಬೇರೆ. ಈ ಮಾತು ಯಾರದು, ಎಲ್ಲಿಯದು, ಅದರ ಹಿಂದೆ ಮುಂದೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮುಖ ಸಿಂಡರಿಸುತ್ತಾರೆ.

ಒಂದೇ ಉದಾಹರಣೆ ಸಾಕು. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಆ ಎರಡು ಪದದ ಮಾತು ಕರ್ನಾಟಕದ ಎಷ್ಟು ಕಚೇರಿಗಳ ಗೋಡೆಯ ಮೇಲಿದೆ! ಕೆಳಗೆ ಬಸವಣ್ಣನವರ ಚಿತ್ರ, ಬಸವಣ್ಣನವರ ಹೆಸರು. ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆರಿಸಿ ಬದುಕಿದ ಮನುಷ್ಯ ಅವನು. ಹೆಸರು ತಪ್ಪಿದ್ದರೆ ತಿದ್ದಬಹುದು, ಅದು ಸಣ್ಣ ವಿಷಯ. ಆ ವಚನವನ್ನು ಪೂರ್ತಿ ಓದಿದರೆ ಗೋಡೆಯ ಮಾತು ಬೇರೆಯೇ ಆಗುತ್ತದೆ. ಕೆಲಸದಲ್ಲಿ ಮುಳುಗಿದವನು ಎದುರಿಗೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯ ಹಂಗನ್ನೂ ಬಿಡಬೇಕು ಎನ್ನುವಷ್ಟು ದೂರ ಹೋಗುವ ವಚನ ಅದು. ಅದೇ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತರಾಟೆಗೆ ತೆಗೆದುಕೊಂಡು, ಮರಳಿ ಸುರಿದು ಬಾ ಎಂದು ಕಳಿಸಿದ ಪ್ರಸಂಗವೂ ಇದೆ. ಸಾಹೇಬರು ಬಂದಾಗ ಎದ್ದು ನಿಲ್ಲದ ಗುಮಾಸ್ತನಿಗೆ ನೋಟಿಸು ಕೊಡುವ ಕಚೇರಿ ಈ ದಂಪತಿಯ ಮಾತನ್ನು ಫ್ರೇಮು ಹಾಕಿಸಿ ತೂಗುಹಾಕಿದೆ. ಎರಡು ಪದ ಕಿತ್ತುಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು.

ನಾನಿರುವುದು ಊರಿಗಾಂನಲ್ಲಿ. ಇಲ್ಲಿ ಈ ಮಾತಿಗೆ ಇನ್ನೊಂದು ಚುಚ್ಚು ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಲ್ಲಿಂದ ನೂರಿಪ್ಪತ್ತು ವರ್ಷ ನೆಲದೊಳಗೆ ಇಳಿದು ಇಳಿದು, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಜನ ಇದ್ದ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕಾಯಕವೇ ಕಣ್ಣೆದುರಿನಿಂದ ಎದ್ದು ಹೋದ ಜನಕ್ಕೆ ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಗುಲಾಬಿಯ ಜೊತೆ ‘ದುಡಿಮೆಯೇ ದೇವರು’ ಎಂಬ ಸಂದೇಶ. ಕಳಿಸಿದವರಿಗೆ ದುರುದ್ದೇಶ ಇಲ್ಲ ಎಂದು ನನಗೆ ಗೊತ್ತು. ಉದ್ದೇಶವೇ ಇಲ್ಲ ಎನ್ನುವುದೇ ನನ್ನ ದೂರು.

ಕಗ್ಗಕ್ಕೂ ಇದೇ ಗತಿ. ಡಿವಿಜಿ ನಮ್ಮ ಮುಳಬಾಗಿಲಿನವರು. 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಆರಂಭದಲ್ಲಿ ಒಂದರ ಮೇಲೊಂದು ಪ್ರಶ್ನೆ: ದೇವರು ಇದ್ದಾನೋ, ಈ ಬದುಕಿಗೆ ಅರ್ಥ ಉಂಟೋ ಎಂಬ ಗಟ್ಟಿ ಸಂಶಯ. ನುಡಿಮುತ್ತಿನ ಅಂಗಡಿಯವರು ಆ ಪದ್ಯಗಳನ್ನು ಮುಟ್ಟುವುದು ಕಡಿಮೆ. ಸಮಾಧಾನ ಹೇಳುವ ಹತ್ತಿಪ್ಪತ್ತನ್ನು ಮಾತ್ರ ಸುತ್ತಿ ಸುತ್ತಿ ತಿರುಗಿಸುತ್ತಾರೆ. ಹೀಗಾಗಿ ಸಂಶಯಪಟ್ಟ ಕವಿ ನಮ್ಮ ಫೋನುಗಳಲ್ಲಿ ಬೆನ್ನು ತಟ್ಟುವ ದೊಡ್ಡಪ್ಪ ಆಗಿಬಿಟ್ಟಿದ್ದಾರೆ.

‘ಸುಭಾಷಿತಕ್ಕೆ ಯಾವ ಕಾಲದಲ್ಲಿ ವಿಳಾಸ ಇತ್ತು? ಯಾರು ಬರೆದರೋ ತಿಳಿಯದ ಶ್ಲೋಕಗಳೇ ನೂರಾರು’ ಎಂದು ಸ್ನೇಹಿತರೊಬ್ಬರು ವಾದಿಸಿದರು. ಒಳ್ಳೆಯ ವಾದವೇ. ಆದರೆ ಆ ಶ್ಲೋಕವನ್ನು ಜನ ಇಡಿಯಾಗಿ ಬಾಯಿಪಾಠ ಮಾಡುತ್ತಿದ್ದರು. ಛಂದಸ್ಸು ಕೆಡುತ್ತದೆಂದು ಒಂದು ಮಾತ್ರೆಯನ್ನೂ ಆಚೀಚೆ ಮಾಡುತ್ತಿರಲಿಲ್ಲ. ಹೆಸರಿಲ್ಲದೆ ಇರುವುದು ಬೇರೆ, ಸುಳ್ಳು ಹೆಸರು ಹೊರುವುದು ಬೇರೆ. ಇವತ್ತು ಯಾರೋ ಬರೆದ ಸಾಲಿಗೆ ಅಬ್ದುಲ್ ಕಲಾಂ ಚಿತ್ರ, ಇನ್ಯಾರದೋ ಸಾಲಿಗೆ ವಿವೇಕಾನಂದರ ಚಿತ್ರ ಅಂಟಿಸಿದರೆ ಮುಗಿಯಿತು, ಕೈ ಮುಗಿದು ಮುಂದಕ್ಕೆ ಕಳಿಸುತ್ತೇವೆ.

ಈಗ ಪದಬಂಧಕ್ಕೆ ಬನ್ನಿ. ಇಲ್ಲಿ ಹಾಗೆ ಕೈ ಮುಗಿದು ಪಾರಾಗಲು ಬರುವುದಿಲ್ಲ. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ಪದಬಂಧ ಹಾಕಿದ. ಆಗಿನಿಂದಲೂ ದೊಡ್ಡವರಿಗೆ ಇದೆಂದರೆ ಅಸಡ್ಡೆ. ‘ನ್ಯೂಯಾರ್ಕ್ ಟೈಮ್ಸ್’ 1924ರಲ್ಲಿ ಇದನ್ನು ಪಾಪದ ಕಾಲಹರಣ ಎಂಬ ಧಾಟಿಯಲ್ಲಿ ಬೈದು, ಯುದ್ಧದ ನಡುವೆ 1942ರ ಫೆಬ್ರವರಿ 15ರಿಂದ ತಾನೇ ಅಚ್ಚು ಹಾಕತೊಡಗಿತು. ಇವತ್ತು ಆ ಪತ್ರಿಕೆಗೆ ಪದಬಂಧದಿಂದ ಬರುವ ಹೆಸರು ಸಂಪಾದಕೀಯದಿಂದ ಬರುವುದಕ್ಕಿಂತ ಕಮ್ಮಿಯೇನಲ್ಲ.

ಕನ್ನಡದ ಪದಬಂಧ ಮಾತ್ರ ಇಂಗ್ಲಿಷಿನ ನಕಲಲ್ಲ. ಅಲ್ಲಿ 26 ಅಕ್ಷರ. ಇಲ್ಲಿ ಮನೆಗೊಂದು ಪೂರ್ಣಾಕ್ಷರ: ‘ಕ’ ಬೇರೆ, ‘ಕಿ’ ಬೇರೆ, ‘ಕ್ಕಿ’ ಬೇರೆ. ವ್ಯಂಜನ 34, ಸ್ವರ 13 ಎಂದು ಹಿಡಿದರೂ ಗುಣಿತಾಕ್ಷರಗಳೇ 442 ಆಗುತ್ತವೆ. ಒತ್ತಕ್ಷರ ಲೆಕ್ಕಕ್ಕೆ ಸಿಗುವುದಿಲ್ಲ. ಅಡ್ಡಕ್ಕೆ ‘ಅಕ್ಕಿ’ ಎಂದು ಬರೆದರೆ ಮೇಲಿನಿಂದ ಇಳಿಯುವ ಪದಕ್ಕೂ ಅಲ್ಲಿ ‘ಕ್ಕಿ’ಯೇ ಬರಬೇಕು. ಹಕ್ಕಿಯೋ ಚುಕ್ಕಿಯೋ ಸಿಕ್ಕಿದರೆ ಪುಣ್ಯ. ಆದ್ದರಿಂದಲೇ ನಮ್ಮ ಪದಬಂಧದ ಪದಗಳು ಮೂರು ನಾಲ್ಕು ಮನೆಗೆ ನಿಲ್ಲುತ್ತವೆ. ಈ ಇಕ್ಕಟ್ಟಿನಲ್ಲೇ ಒಂದು ಸೊಗಸೂ ಇದೆ. ಅಕ್ಷರವೇ ಘಟಕವಾದ್ದರಿಂದ ಪದವನ್ನು ತಿರುಗಿಸಿದರೆ ಬಾಯಿಗೆ ಬರುವ ಇನ್ನೊಂದು ಪದ ಸಿಗುತ್ತದೆ: ನವ ತಿರುಗಿದರೆ ವನ. ‘ಯಾವ ಕಡೆಯಿಂದ ಓದಿದರೂ ಚಿನ್ನ, ಮೂರಕ್ಷರ’ ಎಂದರೆ ನಮ್ಮೂರಿನ ಮಕ್ಕಳೂ ಕನಕ ಎನ್ನುತ್ತಾರೆ.

ಕನಕ ಎಂದ ಕೂಡಲೇ ನೆನಪಾಗಬೇಕಾದದ್ದು ಇನ್ನೊಂದು. ಕನಕದಾಸರ ಮುಂಡಿಗೆಗಳು ಏನು? ಅಲ್ಲಮನ ಬೆಡಗಿನ ವಚನಗಳು ಏನು? ಬಿಡಿಸಿ ನೋಡು ಎಂದು ಕೇಳುಗನ ಎದುರಿಗೆ ಗಂಟು ಎಸೆಯುವುದು ಕನ್ನಡ ಸಾಹಿತ್ಯದ ಹೊರಬಾಗಿಲಿನ ಆಟವಲ್ಲ, ನಡುಮನೆಯ ವ್ಯವಹಾರ. ಪದಬಂಧ ಮುಂಡಿಗೆಯಷ್ಟು ಆಳದ್ದು ಎಂದು ನಾನೇನೂ ಹೇಳುತ್ತಿಲ್ಲ. ಮನಸ್ಸನ್ನು ಕೂರಿಸುವ ಬಗೆ ಒಂದೇ ಎನ್ನುತ್ತಿದ್ದೇನೆ.

ಇನ್ನೊಂದು ಸಂಗತಿ ಬೆಂಗಳೂರಿನ ಸಭೆಗಳಿಗೆ ಗೊತ್ತಿರಲಾರದು. ನಮ್ಮ ಚಿನ್ನದ ಗಣಿ ಪ್ರದೇಶದಲ್ಲಿ ಹೆಚ್ಚಿನವರ ಮನೆಮಾತು ತಮಿಳು. ತೆಲುಗು, ಉರ್ದು, ಕನ್ನಡ ಜೊತೆಗಿವೆ. ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗುವವರ ರೈಲಿನಲ್ಲಿ ಒಂದು ಕನ್ನಡ ಪೇಪರು ನಾಲ್ಕು ಕೈ ದಾಟುತ್ತದೆ, ಪದಬಂಧದ ಪುಟ ಐದು. ಗಣಿಯಿಂದ ನಿವೃತ್ತರಾದ, ಮನೆಯಲ್ಲಿ ತಮಿಳಾಡುವ ಹಿರಿಯರೊಬ್ಬರು ಹಾಗೆ ಪದಬಂಧ ತುಂಬುತ್ತಲೇ ಕನ್ನಡ ಓದು ಗಟ್ಟಿ ಮಾಡಿಕೊಂಡವರು. ಒಮ್ಮೆ ‘ಹಳಗನ್ನಡದ ಹುಲಿ’ ಎಂಬ ಸುಳಿವಿಗೆ ಎಂ.ಎ. ಮಾಡುತ್ತಿದ್ದ ಹುಡುಗ ತಲೆ ಕೆರೆದುಕೊಳ್ಳುತ್ತಿದ್ದಾಗ ಇವರು ಪಟ್ಟನೆ ‘ಪುಲಿ’ ಎಂದರು. ‘ನಿಮಗೆ ಹಳಗನ್ನಡ ಬರುತ್ತಾ ಅಣ್ಣಾ?’ ಎಂದು ಹುಡುಗ ಕಣ್ಣರಳಿಸಿದ. ‘ಇದಾ ಹಳಗನ್ನಡ? ನಮ್ಮ ಮನೇಲಿ ದಿನಾ ಮಾತಾಡೋದಲ್ವೇನಪ್ಪಾ’ ಎಂದರು ಅವರು. ಹಾಲಿಗೆ ಪಾಲ್, ಹೂವಿಗೆ ಪೂ, ಹತ್ತಕ್ಕೆ ಪತ್ತು, ಹೊನ್ನಿಗೆ ಪೊನ್. ಪಕಾರ ಹಕಾರವಾದ ಕಥೆಯನ್ನು ಭಾಷಾವಿಜ್ಞಾನದ ಮೇಷ್ಟರು ಒಂದು ಸೆಮಿಸ್ಟರ್ ಹೇಳುತ್ತಾರೆ. ಇಲ್ಲಿ ಅದು ಎರಡು ಮನೆಯ ಖಾಲಿ ಚೌಕದಲ್ಲಿ ಆಯಿತು. ಗಡಿಜಿಲ್ಲೆಯಲ್ಲಿ ಕನ್ನಡ ಉಳಿಸುತ್ತೇವೆಂದು ಬೋರ್ಡಿಗೆ ಮಸಿ ಬಳಿಯುವವರು ಈ ಪುಟದ ಕಡೆಗೂ ಒಮ್ಮೆ ನೋಡಬೇಕು.

ಹಾಗೆಂದು ಪದಬಂಧದವರನ್ನು ಹೊಗಳಿ ಬಿಟ್ಟುಬಿಡುವಂತಿಲ್ಲ. ಲಲನೆ, ವನಜ, ತರು, ರವಿ ಎಷ್ಟು ವರ್ಷದಿಂದ ಅದೇ ಮನೆಗಳಲ್ಲಿ ಬಾಡಿಗೆಗಿದ್ದಾರೆ! ಗುಣಿತ ಒತ್ತುಗಳ ಕಾಟವಿಲ್ಲದ ಪದ ಬೇಕೆಂಬುದು ಅರ್ಥವಾಗುತ್ತದೆ. ಆದರೂ ಅರ್ಧ ನಿಘಂಟಿನ ಸಂಸ್ಕೃತ, ಉಳಿದರ್ಧ ಸಿನಿಮಾ ನಾಯಕಿಯರು ಎಂಬಂತಾದರೆ ಬೇಸರ ಬರುತ್ತದೆ. ನಮ್ಮ ಕಡೆಯ ಮುದ್ದೆಯ ಕೋಲು, ಕೆರೆಯ ತೂಬು, ಗಣಿಯ ಕೇಜು, ಶಾಫ್ಟು, ಊರಿನ ನೆತ್ತಿಯ ಮೇಲೆ ನಿಂತಿರುವ ಸೈನೈಡ್ ದಿಬ್ಬ ಯಾಕೆ ಬರಬಾರದು? ಬೌರಿಂಗ್‌ಪೇಟೆ ಬಂಗಾರಪೇಟೆಯಾದದ್ದು ಒಂದು ಒಳ್ಳೆಯ ಸುಳಿವಲ್ಲವೇ?

ಇದನ್ನು ಕೇಳುವ ಹಕ್ಕು ನಮಗೆ ಸ್ವಲ್ಪ ಹೆಚ್ಚೇ ಇದೆ. ಕನ್ನಡದಲ್ಲಿ 35,000ಕ್ಕೂ ಹೆಚ್ಚು ಪದಬಂಧ ರಚಿಸಿದ ಅ.ನಾ. ಪ್ರಹ್ಲಾದರಾವ್ ಹುಟ್ಟಿದ್ದು 1953ರಲ್ಲಿ, ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ. ವಾರ್ತಾ ಇಲಾಖೆಯ ನೌಕರಿಯ ನಡುವೆ ಅವರು ಮಾಡಿದ ಕೆಲಸ ಅದು. ನಾನು ಕೇಳಿದ ಜಿಲ್ಲಾ ಸಾಹಿತ್ಯದ ಭಾಷಣಗಳಲ್ಲೆಲ್ಲ ಡಿವಿಜಿ ಬರುತ್ತಾರೆ, ಮಾಸ್ತಿ ಬರುತ್ತಾರೆ, ಬರಲೇಬೇಕು. ಅಬ್ಬಣಿಯ ಹೆಸರು ಒಮ್ಮೆಯೂ ಬಂದದ್ದಿಲ್ಲ. ಲಕ್ಷಾಂತರ ಮನೆಗಳಲ್ಲಿ ಬೆಳಗಿನ ಹೊತ್ತು ಜನರ ಕೈಗೆ ಪೆನ್ಸಿಲು ಹಿಡಿಸಿದವರಿಗೆ ಸಾಹಿತ್ಯ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯಾದರೂ ಬೇಡವೇ?

ಪೆನ್ಸಿಲು ಎಂದೆ, ಯಾಕೆಂದರೆ ಪದಬಂಧ ತುಂಬುವವನು ಅಳಿಸಲು ತಯಾರಾಗಿಯೇ ಕೂತಿರುತ್ತಾನೆ. ಅಡ್ಡಕ್ಕೆ ಸರಿ ಕಂಡ ಪದ ಕೆಳಕ್ಕೆ ಕೂರದಿದ್ದರೆ ಅಳಿಸಬೇಕು, ಎಷ್ಟೇ ಇಷ್ಟವಾದ ಪದವಾಗಿರಲಿ. ನುಡಿಮುತ್ತಿಗೂ ಇದೇ ಪರೀಕ್ಷೆ ಒಡ್ಡಬಹುದು. ಸಂಪಾದಕರಿಗೆ ಕಷ್ಟವೇನಿಲ್ಲ: ಮಾತಿನ ಕೆಳಗೆ ಆಡಿದವರ ಹೆಸರಿನ ಜೊತೆ ಕೃತಿಯ ಹೆಸರು ಹಾಕಿ, ಪದ್ಯವಾದರೆ ಸಂಖ್ಯೆ ಹಾಕಿ. ಕೃತಿ ಸಿಗದಿದ್ದರೆ ಆ ದಿನ ಚೌಕವನ್ನು ಖಾಲಿ ಬಿಡಿ. ಓದುಗರು ಯಾಕೆ ಖಾಲಿ ಎಂದು ಕೇಳಲಿ.

ಇನ್ನು ಗ್ರಂಥಾಲಯಗಳು. ನಾನು ಹೋಗುವ ಒಂದು ವಾಚನಾಲಯದಲ್ಲಿ ಬಾಗಿಲಿನ ಮೇಲೆ ಪುಸ್ತಕದ ಮಹಿಮೆ ಹೇಳುವ ನುಡಿ, ಒಳಗೆ ಮೇಜಿನ ಮೇಲೆ ‘ಪತ್ರಿಕೆಯಲ್ಲಿ ಪದಬಂಧ ತುಂಬಬಾರದು’ ಎಂಬ ಚೀಟಿ. ಪೇಪರು ಎಲ್ಲರದೂ, ಒಬ್ಬರೇ ತುಂಬಿದರೆ ಉಳಿದವರಿಗೆ ಇಲ್ಲ, ಒಪ್ಪಿದೆ. ಹಾಗಾದರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ಚೌಕವೊಂದನ್ನು ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ ಮೇಜಿನ ಮೇಲಿಡಿ. ನಮ್ಮೂರಲ್ಲಿ ಪ್ರತಿಗೆ ಎರಡು ರೂಪಾಯಿ.