ವೇದಿಕೆ ಫೋನಿಗೆ ಬಂತು, ಪಕ್ಕದ ಮಳಿಗೆ ಎಲ್ಲಿ ಹೋಯ್ತು?



1998ರ ಏಪ್ರಿಲ್ 20. ಅಮೆರಿಕದ ಶಿಕಾಗೋದಲ್ಲಿ ಕಾಮ್‌ಡೆಕ್ಸ್ ಅನ್ನೋ ಕಂಪ್ಯೂಟರ್ ಮೇಳ. ವೇದಿಕೆ ಮೇಲೆ ಬಿಲ್ ಗೇಟ್ಸ್. ಇನ್ನೂ ಮಾರಾಟಕ್ಕೆ ಬಾರದ ವಿಂಡೋಸ್ 98 ಬಳಸೋದು ಎಷ್ಟು ಸುಲಭ ಅಂತ ತೋರಿಸಬೇಕಿತ್ತು. ಜೊತೆಗಿದ್ದ ಸಿಬ್ಬಂದಿ ಒಂದು ಸ್ಕ್ಯಾನರ್ ತಂದು ಕಂಪ್ಯೂಟರಿಗೆ ಜೋಡಿಸಿದರು. ಪರದೆ ಪೂರ್ತಿ ನೀಲಿಯಾಗಿ ಕಂಪ್ಯೂಟರ್ ನಿಂತೇ ಹೋಯ್ತು. ಸಭೆ ಗೊಳ್ಳೆಂದು ನಕ್ಕಿತು. ಬಹುಶಃ ಇದಕ್ಕೇ ನಾವಿನ್ನೂ ಇದನ್ನು ಮಾರುಕಟ್ಟೆಗೆ ಬಿಟ್ಟಿಲ್ಲ ಅಂತ ಗೇಟ್ಸ್ ಕೂಡ ನಗೆಯಲ್ಲೇ ತೇಲಿಸಿದರು. ವಿಂಡೋಸ್ 98 ಮಾರಾಟಕ್ಕೆ ಬಂದಿದ್ದು ಜೂನ್ 25ಕ್ಕೆ.

ಈ ಹಳೇ ಕತೆ ಈಗ್ಯಾಕೆ ಅಂದ್ರೆ, ಇಂಥ ದೃಶ್ಯ ಇವತ್ತು ಕಾಣಸಿಗೋದೇ ಅಪರೂಪ. ಅದರಿಂದ ನಷ್ಟ ಆಗಿರೋದು ಕೊಳ್ಳುವ ನಮಗೆ.

ಮೊದಲು ಈ ಮೇಳಗಳು ಏನು ಅಂತ ನೋಡೋಣ. ಕಾಮ್‌ಡೆಕ್ಸ್ 1979ರಲ್ಲಿ ಲಾಸ್ ವೇಗಾಸ್‌ನಲ್ಲಿ ಶುರುವಾಯ್ತು. ಹೆಸರಿನ ಅರ್ಥವೇ ಕಂಪ್ಯೂಟರ್ ಡೀಲರುಗಳ ಪ್ರದರ್ಶನ. ಹೊರಗಿನಿಂದ ನೋಡಿದರೆ ಜಾತ್ರೆ, ಒಳಗೆ ಪಕ್ಕಾ ಸಂತೆ. ಒಂದೇ ಸೂರಿನಡಿ ಎದುರಾಳಿ ಕಂಪನಿಗಳ ಮಳಿಗೆಗಳು ಅಕ್ಕಪಕ್ಕ. ಡೀಲರ್ ಬಂದು ಮುಟ್ಟಿ ನೋಡ್ತಿದ್ದ, ದರ ಕೇಳ್ತಿದ್ದ, ಪಕ್ಕದ ಮಳಿಗೆಗೆ ಹೋಗಿ ಹೋಲಿಸ್ತಿದ್ದ. ಬದನೆಕಾಯಿ ಕೊಳ್ಳುವಾಗ ನಮ್ಮ ಅವ್ವಂದಿರು ಮಾಡೋದೂ ಅದನ್ನೇ ಅಲ್ವಾ? ಜಾಗ ಬಾಡಿಗೆಗೆ ಕೊಡೋದೇ ಎಷ್ಟು ದೊಡ್ಡ ವ್ಯಾಪಾರ ಆಗಿತ್ತು ಅಂದ್ರೆ, ಮೇಳ ಹುಟ್ಟುಹಾಕಿದ ಶೆಲ್ಡನ್ ಅಡೆಲ್ಸನ್ ಮತ್ತು ಪಾಲುದಾರರು 1995ರಲ್ಲಿ ಅದನ್ನು ಜಪಾನಿನ ಸಾಫ್ಟ್‌ಬ್ಯಾಂಕ್‌ಗೆ ಸುಮಾರು 86 ಕೋಟಿ ಡಾಲರಿಗೆ ಮಾರಿದರು.

ಅಂಥ ಮೇಳ 2003ರಲ್ಲಿ ಕೊನೆಯಾಯ್ತು. ಜರ್ಮನಿಯ ಹ್ಯಾನೋವರ್‌ನ ಸೆಬಿಟ್ ಮೇಳಕ್ಕೆ 2001ರಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. 2018ರ ಹೊತ್ತಿಗೆ ಅದು 1.2 ಲಕ್ಷಕ್ಕೆ ಇಳಿದು, ಆ ವರ್ಷವೇ ಮುಚ್ಚಿತು. 1995ರಲ್ಲಿ ಶುರುವಾದ ವಿಡಿಯೋ ಗೇಮ್‌ಗಳ ಇ3 ಮೇಳ ಇನ್ನು ನಡೆಯೋದಿಲ್ಲ ಅಂತ 2023ರ ಡಿಸೆಂಬರಿನಲ್ಲಿ ಘೋಷಣೆಯಾಯ್ತು. ದೊಡ್ಡದಾಗಿ ಉಳಿದಿರೋದರಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಒಂದು. ಅಲ್ಲಿಗೆ 2025ರಲ್ಲೂ ಸುಮಾರು 1.4 ಲಕ್ಷ ಜನ ಬಂದಿದ್ದರು. ಆದರೆ ಅದು ವ್ಯಾಪಾರಸ್ಥರಿಗೆ ಮಾತ್ರ, ಜನಸಾಮಾನ್ಯರಿಗೆ ಪ್ರವೇಶ ಇಲ್ಲ.

ಕಾರಣ ಲೆಕ್ಕಾಚಾರದ್ದು. ಮಳಿಗೆ ಬಾಡಿಗೆ, ಸಿಬ್ಬಂದಿ, ಹೋಟೆಲು ಅಂತ ಸುರಿಯೋ ದುಡ್ಡು ಯಾಕೆ, ಇಂಟರ್ನೆಟ್‌ನಲ್ಲಿ ಜನರ ಹತ್ತಿರ ನೇರವಾಗಿ ಮಾತಾಡಬಹುದಲ್ಲ ಅಂತ ಕಂಪನಿಗಳು ಯೋಚಿಸಿದವು. ಆಪಲ್ ತನ್ನ ಐಫೋನನ್ನು 2007ರ ಜನವರಿ 9ರಂದು ಮೊದಲು ತೋರಿಸಿದ್ದು ಮ್ಯಾಕ್‌ವರ್ಲ್ಡ್ ಅನ್ನೋ ಮೇಳದಲ್ಲಿ. ಎರಡೇ ವರ್ಷಕ್ಕೆ, 2009ರ ನಂತರ, ಅದೇ ಮೇಳ ಬಿಟ್ಟಿತು. 2020ರಲ್ಲಿ ಕೊರೊನಾ ಬಂದ ಮೇಲಂತೂ ಬಿಡುಗಡೆ ಕಾರ್ಯಕ್ರಮವೇ ಮೊದಲೇ ಚಿತ್ರೀಕರಿಸಿದ ಸಿನಿಮಾ ಆಯ್ತು.

ಇದರಲ್ಲಿ ನಮಗೆ ಲಾಭ ಇಲ್ಲ ಅನ್ನೋ ಹಾಗಿಲ್ಲ. ತಾಳವಾಡಿಯ ಹುಡುಗಿಗೂ, ಜತ್ತದ ಹುಡುಗನಿಗೂ, ಮಡಕಶಿರಾದ ಡಿಪ್ಲೊಮಾ ವಿದ್ಯಾರ್ಥಿಗೂ ಅದೇ ವೇದಿಕೆ ಅದೇ ಕ್ಷಣಕ್ಕೆ ಕೈಯಲ್ಲೇ ಸಿಗ್ತದೆ. ದೂರ ಅನ್ನೋದು ಹೋಯ್ತು. ಆದರೆ ಪಕ್ಕದ ಮಳಿಗೆಯೂ ಹೋಯ್ತು. ಮುಟ್ಟಿ ನೋಡೋದು ಹೋಯ್ತು. ಎಲ್ಲರ ಕಣ್ಣೆದುರು ಪರದೆ ನೀಲಿಯಾಗೋ ಸಾಧ್ಯತೆಯೂ ಹೋಯ್ತು. ಈಗ ನಾವು ನೋಡ್ತಿರೋದು ಮಾರುವವನೇ ತೆಗೆದ ಸಿನಿಮಾ. ಅದರಲ್ಲಿ ಎಲ್ಲವೂ ಕೆಲಸ ಮಾಡ್ತದೆ!

ತೋರಿಸಿದ್ದೆಲ್ಲ ಕೈಗೆ ಬರೋದೂ ಇಲ್ಲ. ಮೂರು ಸಾಧನಗಳನ್ನು ಒಟ್ಟಿಗೆ ಚಾರ್ಜ್ ಮಾಡುವ ಏರ್‌ಪವರ್ ಎಂಬ ಮ್ಯಾಟನ್ನು ಆಪಲ್ 2017ರ ಸೆಪ್ಟೆಂಬರಿನಲ್ಲಿ ತೋರಿಸಿತ್ತು. 2019ರ ಮಾರ್ಚಿನಲ್ಲಿ, ನಮ್ಮಿಂದ ಆಗಲಿಲ್ಲ ಅಂತ ಕೈಬಿಟ್ಟಿತು. ಮಾತಿಗೆ ತಪ್ಪೋದು ಸಣ್ಣ ಕಂಪನಿಗಳಷ್ಟೇ ಅಂದುಕೊಳ್ಳಬೇಡಿ.

ಬ್ಯಾಂಕಿನ ಕೌಂಟರಿನ ಈಚೆ ಕೂತ ನಮಗೆ ಈ ಸಿನಿಮಾದ ಮುಂದಿನ ಭಾಗ ಕಾಣ್ತದೆ. ಬಿಡುಗಡೆ ನೋಡಿದ ವಾರವೇ ಫೋನಿಗೆ ಕಂತು ಕಟ್ಟಿಕೊಂಡವರು ಆರನೇ ತಿಂಗಳಿಗೆ ಎಡವುತ್ತಾರೆ. ಬಡ್ಡಿ ಇಲ್ಲದ ಕಂತು ಅಂದ್ರೂ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇರಬಹುದು. ಪೂರ್ತಿ ದುಡ್ಡು ಕೊಟ್ಟರೆ ಸಿಗೋ ರಿಯಾಯಿತಿ ತಪ್ಪಬಹುದು. ಕಂತು ತಪ್ಪಿದರೆ ಸಿಬಿಲ್ ಅಂಕ ಕೆಳಗೆ. ನಾಳೆ ಅಂಗಡಿ ಇಡೋಕೆ ಸಾಲ ಕೇಳಲು ಬಂದಾಗ ಆ ಫೋನಿನ ಕಂತು ಅಡ್ಡ ನಿಲ್ತದೆ. ಫೋನ್ ಆಸೆ ತಪ್ಪು ಅಂತ ನಾವು ಹೇಳ್ತಿಲ್ಲ. ಸಂತೆಯಲ್ಲಿ ಡೀಲರ್ ಮಾಡ್ತಿದ್ದ ಕೆಲಸ ಈಗ ನಮ್ಮ ತಲೆ ಮೇಲೆ ಬಂದಿದೆ, ಅಷ್ಟೇ.

ಆದ್ದರಿಂದ ಯಾವ ಬಿಡುಗಡೆ ನೋಡಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವಾಗ ಸಿಗ್ತದೆ? ಎಲ್ಲಾ ಸೇರಿ ಎಷ್ಟಾಗ್ತದೆ? ನಮ್ಮೂರಲ್ಲಿ, ನಮ್ಮ ಭಾಷೆಯಲ್ಲಿ ಕೆಲಸ ಮಾಡ್ತದಾ? ಮೊದಲ ಐಫೋನ್ ಅಮೆರಿಕದಲ್ಲಿ 2007ರ ಜೂನ್‌ನಲ್ಲಿ ಬಂತು. ಭಾರತಕ್ಕೆ ಐಫೋನ್ ಬಂದಿದ್ದು 2008ರ ಆಗಸ್ಟಿಗೆ. ವೇದಿಕೆಯ ದಿನಾಂಕ ಬೇರೆ, ನಮ್ಮ ದಿನಾಂಕ ಬೇರೆ.

ಇನ್ನೊಂದು ಮಾತು. ಮುಟ್ಟಿ ನೋಡೋ ಸಂತೆ ಪೂರ್ತಿ ಸತ್ತಿಲ್ಲ. ಕರ್ನಾಟಕ ಸರ್ಕಾರ 1998ರಲ್ಲಿ ಶುರು ಮಾಡಿದ ಐಟಿ ಮೇಳವೇ ಇವತ್ತಿನ ಬೆಂಗಳೂರು ಟೆಕ್ ಸಮಿಟ್. ಸಾಮಾನ್ಯವಾಗಿ ನವೆಂಬರಿನಲ್ಲಿ ನಡೀತದೆ. ಹೊಸೂರಿನವರಿಗೆ ಒಂದು ಬಸ್ಸಿನ ದೂರ, ಉಳಿದವರಿಗೆ ಒಂದು ರಾತ್ರಿಯ ಪ್ರಯಾಣ. ನೋಂದಣಿ ನಿಯಮ ಮೊದಲೇ ನೋಡಿಕೊಂಡು ನಾಲ್ಕು ಜನ ಕೂಡಿ ಹೋಗಿ. ಮಳಿಗೆ ಎದುರು ನಿಂತು, ಇದು ಕನ್ನಡದಲ್ಲಿ ಮಾಡಿ ತೋರಿಸಿ ಅಂತ ಕೇಳಿ. ನಮ್ಮ ಕಡೆಯ ಕನ್ನಡದಲ್ಲೇ ಮಾತಾಡಿ, ಅರ್ಥವಾಗ್ತದಾ ನೋಡಿ. ಅಲ್ಲಿ ಯಂತ್ರ ತಡವರಿಸಿದರೆ ಅವರೂ ಕಲೀತಾರೆ, ನಾವೂ ಕಲೀತೀವಿ.

ಸಂತೆಗೆ ಹೋಗಿ ಬರಿಗೈಲಿ ಬಂದರೂ ನಷ್ಟ ಇಲ್ಲ. ದರ ಗೊತ್ತಾಗಿರ್ತದೆ.